ನಾಲ್ಕನೇ ಅಧ್ಯಾಯ ಎಲ್ಲೋಯ್ತು?

ಇದನ್ನ ಬರೀಬೇಕಾ ಬೇಡ್ವಾ ಅಂತ ತುಂಬಾ ದಿನ ಯೋಚ್ನೆ ಮಾಡ್ದೆ. ಸಾವಾದ ಮನೆಗೆ ಹೋಗಿ ಬರೋ ನಮ್ಮ ಸಭೆಯ ಹುಡುಗರಿಗೆ ಓದಿಸೋಕೆ ಒಂದು ಪ್ರಕರಣ ಬರೆದು ಕೊಡಿ, ಚೆನ್ನಾಗಿ ಆದದ್ದಲ್ಲ, ನೀವು ಎಡವಿದ್ದು ಬರೀರಿ ಅಂತ ಪಾಸ್ಟರ್ ಕೇಳಿದ್ರು. ಎಡವಿದ್ದು ಅಂದ ತಕ್ಷಣ ನಂಗೆ ಬೇರೆ ಯಾವ ಮನೆಯೂ ನೆನಪಾಗ್ಲಿಲ್ಲ, ದೊಡ್ಡಪ್ಪನ ಮನೆಯೇ ಬಂತು. ಅವರನ್ನೇ ಕೇಳ್ದೆ. "ಬರಿ. ಹೆಸರು ಹಾಕ್ಬೇಡ, ಲೆಕ್ಕ ತಪ್ಪಿಸ್ಬೇಡ" ಅಂದ್ರು. ಹಾಗಾಗಿ ಹೆಸರಿಲ್ಲ, ಒಂದೆರಡು ಗುರುತು ಬದಲಾಯಿಸಿದ್ದೀನಿ.

ಲೆಕ್ಕ ಅಂದ್ರಲ್ಲ, ಅದು ಅವರ ಹುಟ್ಟುಗುಣ. ಮೂವತ್ತೆರಡು ವರ್ಷ ಎಸ್ಟೇಟ್‌ನಲ್ಲಿ ರೈಟರ್ ಆಗಿದ್ದವರು. ಬೆಳಗ್ಗೆ ಚೆಕ್‌ರೋಲ್ ಹಿಡ್ಕೊಂಡು ಲೈನ್ ಮನೆ ಆಳುಗಳ ಹೆಸರು ಕೂಗೋದು, ಯಾರು ಬಂದ್ರು ಯಾರು ಇಲ್ಲ ಅಂತ ಗೆರೆ ಹಾಕೋದು, ಮಳೆ ಮಾಪಕದ ನೀರು ಅಳೆದು, ನೂರು ಸೆಂಟಿಗೆ ಒಂದು ಇಂಚಿನ ಹಾಗೆ, ಇಂಚು ಸೆಂಟ್‌ನಲ್ಲಿ ಬರೆಯೋದು. ರಿಟೈರ್ ಆದ್ಮೇಲೂ ಕೊಡಗಿನ ಮಾದಾಪುರದ ಕಡೆ ತಮ್ಮ ಎರಡೂವರೆ ಎಕರೆ ಕಾಫಿ ತೋಟದಲ್ಲಿ ಒಂದು ಮಳೆ ಮಾಪಕ ಇಟ್ಕೊಂಡು ದಿನಾ ಬರೀತಿದ್ರು. ನಮ್ಮ ಕಡೆಯವರ ಮೂಲ ಆನಂದಪುರ, 1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿ ಹೆರ್ಮನ್ ಮೋಗ್ಲಿಂಗ್ ಕೊಡಗಲ್ಲೇ ಕಟ್ಟಿದ ಊರು, ಅಲ್ಲಿಂದ ಬಂದ ಮನೆಗಳಲ್ಲಿ ಒಂದು ಹಳೇ ದಪ್ಪ ಬೈಬಲ್, ಒಂದು ಲೆಕ್ಕದ ಪುಸ್ತಕ ಎರಡೂ ಒಂದೇ ಶೆಲ್ಫಲ್ಲಿ ಇರ್ತವೆ ಅಂತ ನಾವೇ ತಮಾಷೆ ಮಾಡ್ಕೊಳ್ತೀವಿ.

ಇಬ್ಬರು ಗಂಡುಮಕ್ಕಳು. ದೊಡ್ಡವನು ಮೈಸೂರಲ್ಲಿ ಕೆಲಸ, ಹೆಂಡತಿ, ಒಂದು ಮಗಳು. ಚಿಕ್ಕವನಿಗೆ ಮದುವೆ ಆಗಿರ್ಲಿಲ್ಲ, ತೋಟ ನೋಡ್ಕೊಂಡು ಮನೇಲೇ ಇದ್ದ. 2017ರ ಬೇಸಿಗೆಯಲ್ಲಿ ದೊಡ್ಡವನು ಬಂದು ಮನೆ ಹಿಂದೆ ಎರಡು ರೂಮಿನ ಹೋಮ್‌ಸ್ಟೇ ಮಾಡೋಣ, ಕಾಫಿ ರೇಟ್ ನಂಬ್ಕೊಂಡ್ರೆ ಬದುಕಾಗಲ್ಲ ಅಂದ. ಅದಕ್ಕೆ ಜೆಸಿಬಿ ತಂದು ಬರೆ, ಅಂದ್ರೆ ಮನೆ ಹಿಂದಿನ ಗುಡ್ಡದ ಇಳಿಜಾರು, ಕಡೀಬೇಕು. ಬರೆಯ ಕಾಲು ಕಡಿದ್ರೆ ಬರೆ ನಿಲ್ಲಲ್ಲ ಅಂತ ದೊಡ್ಡಪ್ಪ ಹೇಳಿದ್ರಂತೆ, ಚಿಕ್ಕವನೂ ಬೇಡ ಅಂದಿದ್ನಂತೆ, ಅಣ್ಣತಮ್ಮಂದಿರಿಗೆ ಅಂಗಳದಲ್ಲೇ ಜೋರು ಮಾತಾಯ್ತಂತೆ. ಆದ್ರೂ ಬರೆ ಕಡಿದ್ರು. ಹನ್ನೆರಡು ಅಡಿ.

2018 ಆಗಸ್ಟ್ ಕೊಡಗಿನವರಿಗೆ ಯಾರೂ ಹೇಳ್ಬೇಕಾಗಿಲ್ಲ. ಜೂನ್‌ನಿಂದಲೇ ಕುಡಿದು ಕುಡಿದು ನೆಲ ಸಾಕಪ್ಪಾ ಅನ್ನೋ ಹಾಗಿತ್ತು, ಆಗಸ್ಟ್ ಮಧ್ಯದಲ್ಲಿ ಮಳೆ ಬಿಡ್ಲೇ ಇಲ್ಲ, ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಕಾಲೂರು ಅಂತ ಒಂದೊಂದೇ ಹೆಸರು ಫೋನಲ್ಲಿ ಬರ್ತಾ ಇತ್ತು, ಆಮೇಲೆ ಫೋನೂ ಹೋಯ್ತು. 16ನೇ ತಾರೀಕು ರಾತ್ರಿ ದೊಡ್ಡಪ್ಪನ ಮನೆ ಹಿಂದಿನ ಬರೆ ಸದ್ದು ಮಾಡೋಕೆ ಶುರು ಮಾಡ್ತು. ಅವರೂ ದೊಡ್ಡಮ್ಮನೂ ರಸ್ತೆಗೆ ಬಂದ್ರು. ಚಿಕ್ಕವನು ಹಸು ಬಿಚ್ಚಿ ಬರ್ತೀನಿ ಅಂತ ಕೊಟ್ಟಿಗೆಗೆ ಹೋದ. ಹಸು ಬಂತು.

ಅವನು ಸಿಕ್ಕಿದ್ದು ಮೂರನೇ ದಿನ.

ಆ ಮೂರು ದಿನ ಪರಿಹಾರ ಕೇಂದ್ರದಲ್ಲಿ ದೊಡ್ಡಪ್ಪ ಒಂದು ಮಾತಾಡ್ಲಿಲ್ಲ. ಚಾಪೆ ಮೇಲೆ ಗೋಡೆಗೆ ಒರಗಿ ಕೂತಿದ್ರು, ಯಾರೋ ಕೊಟ್ಟ ಚಾ ಆರಿ ಕೆನೆಗಟ್ಟಿ ಹಾಗೇ ಇರ್ತಿತ್ತು. ದೊಡ್ಡವನು ಮೈಸೂರಿಂದ ಹೊರಟು ರಸ್ತೆ ಇಲ್ದೆ ಎಲ್ಲೆಲ್ಲೋ ಸುತ್ತಿ ಸಮಾಧಿಯ ಹೊತ್ತಿಗೆ ಬಂದು ಮುಟ್ಟಿದ. ಅಪ್ಪನ ಹತ್ರ ಬಂದು ಕೈ ಹಿಡಿಯೋಕೆ ಹೋದ. ಆಗ ದೊಡ್ಡಪ್ಪ ಮೂರು ದಿನದ ಮೇಲೆ ಬಾಯಿ ಬಿಟ್ರು.

"ನಿನ್ನ ತಮ್ಮ ಎಲ್ಲಿ?"

ಅಷ್ಟೇ. ಜೋರಾಗಿ ಅಲ್ಲ. ಚೆಕ್‌ರೋಲ್ ಕೂಗೋ ಧ್ವನೀಲಿ. ಭಾನುವಾರ ಶಾಲೆಗೆ ಹೋದ ಎಲ್ಲರಿಗೂ ಗೊತ್ತು ಅದು ಯಾರ ಮಾತು, ಯಾರಿಗೆ ಹೇಳಿದ್ದು ಅಂತ. ಆದಾಮನ ದೊಡ್ಡ ಮಗ ಕಾಯಿನ ತನ್ನ ತಮ್ಮ ಹೇಬೆಲನನ್ನ ಕೊಂದ್ಮೇಲೆ ದೇವರು ಕಾಯಿನನಿಗೆ ಕೇಳಿದ್ದು. ದೊಡ್ಡವನು ಮಣ್ಣು ಹಾಕಿ, ಯಾರ ಮುಖವನ್ನೂ ನೋಡ್ದೆ ಹೊರಟೋದ. ನಾಲ್ಕು ವರ್ಷ ಅಪ್ಪ ಮಗನಿಗೆ ಮಾತಿಲ್ಲ.

ಈಗ ನಾನು ಎಡವಿದ್ದು. ಮೊದಲನೇ ವಾರವೇ ಕೇಂದ್ರಕ್ಕೆ ಹೋಗಿ ಬಾಯಿಗೆ ಬಂದ ಹಾಗೆ ಸಮಾಧಾನ ಹೇಳ್ದೆ, ದೇವರ ಚಿತ್ತ ದೊಡ್ಡಪ್ಪ, ನಮಗೆ ಅರ್ಥ ಆಗಲ್ಲ ಅಂತ. ಅವರು ನನ್ನ ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ನನ್ನದೇ ಪರವಾಗಿಲ್ಲ ಅನ್ನೋ ಹಾಗೆ, ಆ ದಿನಗಳಲ್ಲಿ ವಾಟ್ಸಾಪಲ್ಲಿ ಏನೇನು ಬಂತು ಅಂದ್ರೆ ಕೊಡಗಿನವರ ಪಾಪಕ್ಕೆ ಹೀಗಾಯ್ತು, ನೋಹನ ಕಾಲದ ಜಲಪ್ರಳಯ ಮತ್ತೆ ಬಂತು ಅಂತೆಲ್ಲಾ, ಕಳಿಸಿದವರು ಬೆಚ್ಚಗೆ ಎಲ್ಲೋ ಕೂತವರು. ಯಾಕೋಬನ ಕತೆ ನೆನಪಾಗ್ತದೆ ನಂಗೆ. ತಮ್ಮ ಯೋಸೇಫನನ್ನ ಮಾರಿ, ಅವನ ಅಂಗಿಗೆ ಹೋತದ ರಕ್ತ ಹಚ್ಚಿ ತಂದು ತೋರಿಸಿದ ಮಕ್ಕಳೇ ಆಮೇಲೆ ಅಪ್ಪನನ್ನ ಸಂತೈಸೋಕೆ ಎದ್ದು ಬರ್ತಾರೆ, ಅವನು ಸಮಾಧಾನ ಬೇಡ ಅಂತಾನೆ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 37ನೇ ಅಧ್ಯಾಯ. ಸಮಾಧಾನ ಒಪ್ಪದೆ ಇದ್ದದ್ದು ಅವನ ನಂಬಿಕೆ ಕಮ್ಮಿ ಆದದ್ದಕ್ಕಲ್ಲ, ಸಂತೈಸೋಕೆ ಬಂದವರ ಬಾಯಲ್ಲಿ ಸುಳ್ಳಿತ್ತು ಅಂತ ನಂಗೀಗ ಅನ್ಸತ್ತೆ.

ಎರಡನೇದು 2021ರ ಕ್ರಿಸ್ಮಸ್. ಅಷ್ಟರಲ್ಲಿ ದೊಡ್ಡಪ್ಪನಿಗೆ ಜಂಬೂರಲ್ಲಿ ಸರ್ಕಾರದ ಪುನರ್ವಸತಿ ಮನೆ ಸಿಕ್ಕಿ ಒಂದೂವರೆ ವರ್ಷ ಆಗಿತ್ತು, ಸಾಲಾಗಿ ಒಂದೇ ಥರದ ಮನೆಗಳು. ನಾನು ದೊಡ್ಡವನಿಗೆ ಅಪ್ಪ ಕರೀತಿದ್ದಾರೆ ಅಂತ ಸುಳ್ಳು ಹೇಳಿ ಕರೆಸ್ದೆ, ದೊಡ್ಡಪ್ಪನಿಗೆ ಅವನೇ ಬರ್ತೀನಿ ಅಂದ ಅಂತ ಹೇಳ್ದೆ. ದೊಡ್ಡಪ್ಪ ಹಿಂಬಾಗಿಲಿಂದ ಎದ್ದು ಹೋದ್ರು. ಆ ಹುಡುಗಿ, ಮೊಮ್ಮಗಳು, ಕೇಕ್ ತಟ್ಟೆ ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ದಳು. ಇದನ್ನ ಓದೋ ಹುಡುಗರು ದಯವಿಟ್ಟು ಇದೊಂದು ಮಾಡ್ಬೇಡಿ.

ಮೂರನೇದೇ ಈ ಪ್ರಕರಣದ ಮುಖ್ಯ ವಿಷಯ, ಅದು ತಪ್ಪಾಗಿ ಶುರುವಾಗಿ ಇನ್ನೇನೋ ಆಯ್ತು. 2022 ಜೂನ್‌ನಲ್ಲಿ ದೊಡ್ಡಪ್ಪನ ಮನೇಲೇ ಶನಿವಾರ ಸಂಜೆ ಬೈಬಲ್ ಸ್ಟಡಿ ಶುರು ಮಾಡಿದ್ವಿ, ಎಂಟ್ಹತ್ತು ಜನ, ಆದಿಕಾಂಡ, ವಾರಕ್ಕೊಂದು ಅಧ್ಯಾಯ. ಯಾಕೆ ಆದಿಕಾಂಡ ಅಂದ್ರೆ ನಿಜ ಹೇಳ್ಬೇಕಂದ್ರೆ ಯೋಚ್ನೆನೇ ಮಾಡಿರ್ಲಿಲ್ಲ, ಮೊದಲಿಂದ ಶುರು ಮಾಡೋಣ ಅಂತ ಅಷ್ಟೇ. ಮೂರನೇ ಅಧ್ಯಾಯ ಬಂತು, ಆದಾಮ ಹವ್ವ ಮರಗಳ ಮಧ್ಯೆ ಬಚ್ಚಿಟ್ಕೊಂಡಾಗ ದೇವರು ಕೇಳೋ ಪ್ರಶ್ನೆ, ಎಲ್ಲಿದ್ದೀ ಅಂತ. ಪಿಯುಸಿ ಓದೋ ಒಂದು ಹುಡುಗಿ "ಅಂಕಲ್, ಫೋನ್ ಮಾಡಿದ ತಕ್ಷಣ ನಾವು ಕೇಳೋದೂ ಅದೇ ಅಲ್ವಾ" ಅಂದ್ಳು, ಎಲ್ಲರೂ ನಕ್ಕರು, ದೊಡ್ಡಪ್ಪನೂ ಸ್ವಲ್ಪ ನಕ್ಕರು. ಬೈಬಲ್‌ನಲ್ಲಿ ದೇವರು ಮನುಷ್ಯನಿಗೆ ಕೇಳಿದ ಮೊದಲನೇ ಪ್ರಶ್ನೆ ಅದು.

ಎರಡನೇ ಪ್ರಕರಣದಲ್ಲಿ ದೇವರು ಕೇಳೋದು ಏನು ಅಂತ ಮನೆಗೆ ಹೋದ್ಮೇಲೆ ನಂಗೆ ಹೊಳೀತು. ನಾಲ್ಕನೇ ಅಧ್ಯಾಯ. ಕಾಯಿನ, ಹೇಬೆಲ. ನಿನ್ನ ತಮ್ಮ ಎಲ್ಲಿ. ಅದರ ಮುಂದಿನ ಮಾತು ಇನ್ನೂ ಭಯಂಕರ, ನೆಲ ಬಾಯಿ ತೆರೆದು ತಮ್ಮನ ರಕ್ತ ಕುಡೀತು ಅಂತ. ಬರೆ ಕುಸಿದ ಮನೇಲಿ ಕೂತು ಇದನ್ನ ಓದೋದು ಹೆಂಗೆ? ವಾರವಿಡೀ ನಿದ್ದೆ ಬರ್ಲಿಲ್ಲ. ಶನಿವಾರ ಬಂದಾಗ ಏನೂ ಗೊತ್ತಿಲ್ಲದವನ ಥರ "ಇವತ್ತು ವಂಶಾವಳಿ ಓದೋಣ" ಅಂತ ಐದಕ್ಕೆ ಹಾರ್ದೆ.

ಐದನೇ ಅಧ್ಯಾಯ ಸುಮಾರು ಜನಕ್ಕೆ ಬೋರು. ಆದಾಮ 930 ವರ್ಷ ಬದುಕಿ ಸತ್ತ, ಸೇತ 912 ವರ್ಷ ಬದುಕಿ ಸತ್ತ, ಹೀಗೇ ಹೋಗ್ತದೆ. ದೊಡ್ಡಪ್ಪ ಮಾತ್ರ ಕನ್ನಡಕ ಹಾಕ್ಕೊಂಡು ಬೆರಳಿಟ್ಟು ಓದಿದ್ರು, "ಇದು ಪೂರ್ತಿ ಚೆಕ್‌ರೋಲೇ" ಅಂದ್ರು. ಆಮೇಲೆ ಬೆರಳು ಮೇಲಕ್ಕೆ ಹೋಯ್ತು. "ಆದಾಮನ ಮಗ ಸೇತ ಅಂತ ಶುರು ಮಾಡಿದ್ದಾರೆ. ಮೊದಲಿನ ಇಬ್ಬರು ಎಲ್ಲಿ?"

ಯಾರೂ ಮಾತಾಡ್ಲಿಲ್ಲ.

"ನಾಲ್ಕನೇ ಅಧ್ಯಾಯ ಎಲ್ಲೋಯ್ತು?" ಅಂತ ನನ್ನ ಕಡೆ ತಿರುಗಿದ್ರು. ನಾನು ಏನೋ ತೊದಲ್ದೆ. "ಸತ್ತವನ ಹೆಸರು ಇಲ್ಲ ಸರಿ. ಇದ್ದವನ ಹೆಸರನ್ನೂ ರೋಲ್‌ನಿಂದ ತೆಗೆದಿದ್ದಾರಲ್ಲ" ಅಂದ್ರು. ನಾನು ಅದುವರೆಗೆ ಗಮನಿಸಿರ್ಲಿಲ್ಲ ನೋಡಿ, ಎಷ್ಟು ಸಲ ಓದಿದ್ದೀನಿ. ಐದನೇ ಅಧ್ಯಾಯದಲ್ಲಿ ಹೇಬೆಲನೂ ಇಲ್ಲ, ಕಾಯಿನನೂ ಇಲ್ಲ.

ದೊಡ್ಡಪ್ಪನೇ ಪುಟ ಹಿಂದೆ ತಿರುಗಿಸಿ ನಾಲ್ಕನ್ನ ಓದಿದ್ರು. ನಿಧಾನಕ್ಕೆ, ಎಲ್ಲೂ ನಿಲ್ಲಿಸ್ದೆ. ನೆಲ ಬಾಯಿ ತೆರೆದ ವಾಕ್ಯವನ್ನೂ ಓದಿದ್ರು. ಕಾಯಿನನನ್ನ ಯಾರೂ ಕೊಲ್ಲಬಾರದು ಅಂತ ದೇವರು ಅವನ ಮೇಲೆ ಗುರುತು ಇಡೋ ವಾಕ್ಯ ಬಂದಾಗ ಮಾತ್ರ ಅದನ್ನೇ ಎರಡು ಸಲ ಓದಿದ್ರು, ಕಣ್ಣು ಕಾಣದೆ ಓದಿದ್ರೋ ಬೇಕಂತ ಓದಿದ್ರೋ ಗೊತ್ತಿಲ್ಲ. ಕೊನೆಗೆ ಸೇತ ಹುಟ್ಟಿದಾಗ ಹವ್ವ ಹೇಳ್ತಾಳಲ್ಲ, ಹೇಬೆಲನ ಬದಲಿಗೆ ದೇವರು ಇನ್ನೊಂದು ಮಗು ಕೊಟ್ಟ ಅಂತ, ಅಲ್ಲಿಗೆ ಬಂದಾಗ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ "ಬದಲಿಗಂತೆ" ಅಂದ್ರು. ಸೆರಗಲ್ಲಿ ಕೈ ಒರೆಸ್ಕೊಂಡು, "ಆ ಹೆಂಗಸಿಗೆ ಒಂದೇ ದಿನ ಇಬ್ಬರೂ ಹೋದ್ರು. ಒಬ್ಬ ಸತ್ತ, ಒಬ್ಬನ್ನ ಓಡಿಸಿದ್ರು. ಅವಳು ಅತ್ತಳಾ ಇಲ್ವಾ ಅಂತಾದ್ರೂ ಬರೀಬಾರದಿತ್ತಾ?" ಅಂದು ಒಳಗೆ ಹೋದ್ರು. ಆಮೇಲೆ ಗೊತ್ತಾಯ್ತು, ಈ ನಾಲ್ಕು ವರ್ಷವೂ ದೊಡ್ಡಮ್ಮ ಪಕ್ಕದ ಮನೆಯವರ ಫೋನಿಂದ ಕದ್ದು ಮೈಸೂರಿಗೆ ಮಾತಾಡ್ತಿದ್ರು ಅಂತ.

ಮುಂದಿನ ವಾರ ಆರನೇ ಅಧ್ಯಾಯಕ್ಕೆ ನಾನು ಪಾಸ್ಟರನ್ನೇ ಕರೆದೆ, ನನ್ನ ಕೈಲಾಗಲ್ಲ ಅಂತ. ಅವರು ಹೀಬ್ರೂ ಓದಿದವರು. ಅವರು ಹೇಳಿದ ಒಂದು ವಿಷಯ ಇಲ್ಲಿ ಸ್ವಲ್ಪ ಬಿಡಿಸಿ ಬರೀಲೇಬೇಕು. ಜಲಪ್ರಳಯಕ್ಕೆ ಮುಂಚೆ, ಮನುಷ್ಯನನ್ನ ಮಾಡಿದ್ದಕ್ಕೆ ದೇವರು ಪಶ್ಚಾತ್ತಾಪಪಟ್ಟು ಹೃದಯದಲ್ಲಿ ನೊಂದುಕೊಂಡ ಅಂತ 6:6ರಲ್ಲಿ ಬರ್ತದಲ್ಲ, ಆ ನೋವಿನ ಪದದ ಬೇರು ಹೊಸದಲ್ಲವಂತೆ. ಮೂರನೇ ಅಧ್ಯಾಯದಲ್ಲಿ ಹವ್ವಳಿಗೆ ಹೆರಿಗೆಯಲ್ಲಿ ಬರೋ ನೋವಿಗೂ, ಆದಾಮ ನೆಲದಲ್ಲಿ ಬೆವರು ಸುರಿಸೋ ಕಷ್ಟಕ್ಕೂ 'ಇಟ್ಸಾವೋನ್' ಅನ್ನೋ ಒಂದೇ ಪದ ಇದೆ, ದೇವರ ನೋವಿಗೆ ಬಂದಿರೋದು ಅದೇ ಬೇರಿನ ಪದ. ಕನ್ನಡದಲ್ಲಿ ಆಯಾ ಜಾಗಕ್ಕೆ ತಕ್ಕ ಹಾಗೆ ಬೇರೆ ಬೇರೆ ಪದ ಬಂದಿರೋದ್ರಿಂದ ನಮಗೆ ಕಾಣಲ್ಲ. ಇನ್ನೂ ಇದೆ. ನೋಹ ಹುಟ್ಟಿದಾಗ ಅವನಪ್ಪ ಲೆಮೆಕ, ಈ ಮಗ ನಮ್ಮ ಕೈಯ ಕಷ್ಟದಲ್ಲಿ ನಮಗೆ ಸಮಾಧಾನ ಕೊಡ್ತಾನೆ ಅಂತ ಹೆಸರಿಡ್ತಾನೆ, ಅಲ್ಲಿ ಸಮಾಧಾನಕ್ಕೆ ಬಳಸಿದ ಪದದ ಬೇರೇ ಮುಂದಿನ ಅಧ್ಯಾಯದಲ್ಲಿ ದೇವರ ಪಶ್ಚಾತ್ತಾಪಕ್ಕೆ ಬರ್ತದೆ. ಅಪ್ಪ ಬಯಸಿದ್ದು ಒಂದು, ಆ ಮಗನ ಕಾಲದಲ್ಲಿ ಆದದ್ದು ಇನ್ನೊಂದು. ಯಾಕೋಬ ಬೇಡ ಅಂದ ಸಮಾಧಾನವೂ ಅದೇ ಬೇರಂತೆ.

ನಂಗೆ ಇದು ಕೇಳಿ ಮೈ ಜುಂ ಅಂತು. ದೊಡ್ಡಪ್ಪನಿಗೆ ಸಿಟ್ಟು ಬಂತು. "ನೊಂದ್ಕೊಂಡ ಸರಿ. ನೊಂದವರು ನೀರು ಬಿಡ್ತಾರಾ?" ಅಂತ ನೇರ ಪಾಸ್ಟರ್ ಮುಖಕ್ಕೇ ಕೇಳಿದ್ರು. ಪಾಸ್ಟರ್ ಬುದ್ಧಿವಂತ, ಉತ್ತರ ಕೊಡ್ಲಿಲ್ಲ. ನಾನಾಗಿದ್ರೆ ಕೊಟ್ಟು ಕೆಡಿಸ್ತಿದ್ದೆ. ಸುಮಾರು ಹೊತ್ತು ಆದ್ಮೇಲೆ, ಹೊರಗೆ ಮಳೆ ಶುರುವಾಗಿತ್ತು, ತಗಡಿನ ಮೇಲೆ ಸದ್ದು, ದೊಡ್ಡಪ್ಪ ಯಾರಿಗೂ ಅಲ್ಲದ ಹಾಗೆ "ಬ್ಯಾಂಕ್ ಸಾಲದ ಕಾಗದಕ್ಕೆ ಸಹಿ ಹಾಕಿದ್ದು ನಾನು" ಅಂದ್ರು.

ನಮಗ್ಯಾರಿಗೂ ಗೊತ್ತಿರ್ಲಿಲ್ಲ. ತೋಟ ಇದ್ದದ್ದು ಅವರ ಹೆಸರಲ್ಲಿ, ಅವರ ಸಹಿ ಇಲ್ದೆ ಹೋಮ್‌ಸ್ಟೇ ಸಾಲ ಆಗ್ತಿರ್ಲಿಲ್ಲ, ಜೆಸಿಬಿ ಬರ್ತಿರ್ಲಿಲ್ಲ. ಬೇಡ ಬೇಡ ಅಂದವರು ಮಗನ ಬಲವಂತಕ್ಕೋ ಆಸೆಗೋ ಕೊನೆಗೆ ಸಹಿ ಹಾಕಿದ್ರು. ಗುಡ್ಡದ ಬುಡ ಕಡಿದದ್ದು ಕುಸಿತಕ್ಕೆ ದೊಡ್ಡ ಕಾರಣ ಅಂತ ಭೂವಿಜ್ಞಾನದವರು ಆ ವರ್ಷ ಹೇಳಿದ್ದನ್ನ ಪೇಪರಲ್ಲಿ ಓದಿದ್ರು. ಆ ರಾತ್ರಿ ಯಾರೂ ಮುಟ್ಟದ ಬರೆಗಳೂ ಜಾರಿ ಹೋಗಿದ್ದವು, ಕಡಿಯದೆ ಇದ್ದಿದ್ರೆ ಅವರ ಬರೆ ನಿಲ್ತಿತ್ತು ಅಂತ ಯಾರೂ ಪ್ರಮಾಣ ಮಾಡಿ ಹೇಳೋಕಾಗಲ್ಲ. ಆದ್ರೆ ಅದು ಲೆಕ್ಕ, ರಾತ್ರಿ ಎದ್ದು ಕೂರೋ ಮನುಷ್ಯನಿಗೆ ಲೆಕ್ಕ ಸಮಾಧಾನ ಕೊಡಲ್ಲ. "ನಿನ್ನ ತಮ್ಮ ಎಲ್ಲಿ" ಅಂತ ಮಗನನ್ನ ಕೇಳಿದವರು ಅದನ್ನೇ ನಾಲ್ಕು ವರ್ಷದಿಂದ ತಮಗೆ ತಾವೇ ಕೇಳ್ಕೊಳ್ತಿದ್ರು.

ಆವತ್ತಿಂದ ನಂಗೆ 6:6 ಬೇರೆ ಥರ ಕೇಳಿಸ್ತದೆ. ದೇವರಿಗೂ ದುಃಖ ಆಗ್ತದೆ, ಅವನೂ ನಮ್ಮ ಜೊತೆ ಅಳ್ತಾನೆ ಅಂತ ಪ್ರಸಂಗದಲ್ಲಿ ಹೇಳೋದುಂಟು, ಕೇಳೋಕೆ ಚೆನ್ನಾಗಿರ್ತದೆ, ಆದ್ರೆ ಅದು ಸಾವಿನ ಮನೆಗೆ ಬಂದು ಹೋಗೋ ನೆಂಟರ ದುಃಖ. ಆದಿಕಾಂಡದಲ್ಲಿ ಬರೆದಿರೋದು ಅದಲ್ಲ. ಮಾಡಿದ್ದಕ್ಕೆ ಪಶ್ಚಾತ್ತಾಪಪಟ್ಟ ಅಂತಿದೆ. ಕಾಗದದ ಮೇಲೆ ತನ್ನ ಸಹಿ ಇದೆ ಅಂತ ಗೊತ್ತಿರೋ ಯಜಮಾನನ ದುಃಖ ಅದು. ನಾನು ಹೋಗಿ ದೇವರ ಚಿತ್ತ ಅಂದಾಗ ದೊಡ್ಡಪ್ಪ ಯಾಕೆ ಹಾಗೆ ನೋಡಿದ್ರು ಅಂತಲೂ ಆಗಲೇ ಅರ್ಥ ಆದದ್ದು, ದೇವರ ಮೇಲೆ ಹಾಕಿ ಕೈ ತೊಳ್ಕೊಳ್ಳೋಕೆ ನಾನು ಅವರಿಗೆ ನೀರು ಕೊಟ್ಟಿದ್ದೆ, ಅವರು ತೊಳ್ಕೊಳ್ಳೋಕೆ ತಯಾರಿರ್ಲಿಲ್ಲ.

ಏಳನೇ ಅಧ್ಯಾಯದಲ್ಲಿ ಸ್ವಲ್ಪ ಹಗುರ ಆಯ್ತು. ನಲವತ್ತು ಹಗಲು ನಲವತ್ತು ರಾತ್ರಿ ಮಳೆ ಓದಿ ದೊಡ್ಡಪ್ಪ "ಇಂಚು ಬರೆದಿಲ್ಲ, ಮೊಳ ಬರೆದಿದ್ದಾರೆ" ಅಂದ್ರು. ಬೆಟ್ಟದ ಮೇಲೆ ಹದಿನೈದು ಮೊಳ ನೀರು ನಿಂತಿತ್ತು ಅಂತಿದೆ. "ಹದಿನೈದು ಮೊಳ ಅಂದ್ರೆ ಸರಿ, ಮಳೆ ಮಾಪಕ ಸಾಲದು" ಅಂತ ತಾವೇ ನಕ್ಕರು. ಆಮೇಲೆ ಒಳಗಿಂದ ಅವರ ಮಳೆ ಪುಸ್ತಕ ತಂದು ತೋರಿಸಿದ್ರು, ಆ ರಾತ್ರಿ ಅಂಗಿ ಒಳಗೆ ಇಟ್ಕೊಂಡು ಬಂದಿದ್ರಂತೆ, ಅಂಚೆಲ್ಲಾ ನೀರು ಹೀರಿ ಉಬ್ಬಿದೆ. 2018 ಆಗಸ್ಟ್ 15ರವರೆಗೆ ಇದೆ. ಆಮೇಲೆ ಖಾಲಿ. ಜಂಬೂರಿಗೆ ಬಂದ ಮೇಲೂ ಬರೆದಿಲ್ಲ.

ಒಂಬತ್ತನೇ ಅಧ್ಯಾಯ ಬಂದಾಗ ನಾನು ಮನೇಲಿ ತಯಾರಿ ಮಾಡುವಾಗ ಒಂದು ವಿಷಯ ಕಂಡೆ, ಕೂಟದಲ್ಲಿ ಹೇಳ್ಲಿಲ್ಲ, ಇಲ್ಲಿ ಬರೀತೀನಿ. ನೋಹ ಪ್ರಳಯದ ಮುಂಚೆ ಒಂದೇ ಒಂದು ಮಾತಾಡೋದನ್ನ ಬೈಬಲ್ ಬರೆದಿಲ್ಲ. ದೇವರು ಹೇಳ್ತಾನೆ, ಅವನು ಮಾಡ್ತಾನೆ. ನಾವೆ ಕಟ್ಟುವಾಗ ಇಲ್ಲ, ಒಳಗೆ ಇಲ್ಲ, ಇಳಿದಾಗ ಇಲ್ಲ. ಅವನ ಬಾಯಿಂದ ಬರೋ ಮೊದಲ ಮಾತು ಇರೋದು 9:25ರಲ್ಲಿ, ದ್ರಾಕ್ಷಾರಸ ಕುಡಿದು ಎಚ್ಚರ ಆದ್ಮೇಲೆ, ಅದು ಶಾಪ. ಸ್ವಂತ ಮೊಮ್ಮಗ ಕಾನಾನನಿಗೆ. ಅಷ್ಟು ನೀರು ದಾಟಿಸಿ ಉಳಿಸಿಕೊಂಡ ಕುಟುಂಬವನ್ನ ಒಂದು ಮಾತಲ್ಲಿ ಒಡೆದ. ಚಾಪೆ ಮೇಲೆ ಗೋಡೆಗೆ ಒರಗಿ ಮೂರು ದಿನ ಸುಮ್ಮನೆ ಕೂತಿದ್ದ ದೊಡ್ಡಪ್ಪ ನೆನಪಾದ್ರು. ಹುಡುಗರಿಗೆ ಹೇಳೋದು ಇಷ್ಟೇ, ಸಾವಾದ ಮನೇಲಿ ತುಂಬಾ ಹೊತ್ತು ಸುಮ್ಮನಿದ್ದವರ ಬಾಯಿಂದ ಬರೋ ಮೊದಲ ಮಾತಿನ ಹತ್ರ ಯಾರಾದ್ರೂ ಇರಿ, ಅದನ್ನ ಕೇಳಿಸ್ಕೊಂಡವನ ಹಿಂದೆ ಒಬ್ಬರು ಹೋಗಿ. ಆವತ್ತು ದೊಡ್ಡವನ ಹಿಂದೆ ನಮ್ಮಲ್ಲಿ ಒಬ್ಬರೂ ಹೋಗ್ಲಿಲ್ಲ. ನಾವೆಲ್ಲ ದೊಡ್ಡಪ್ಪನ ಸುತ್ತ ನಿಂತಿದ್ವಿ.

ಕೂಟದಲ್ಲಿ ಹೆಚ್ಚು ಮಾತಾಡಿದ್ದು ಎಂಟನೇ ಅಧ್ಯಾಯದ ಕೊನೆ ಬಗ್ಗೆ. ಮನುಷ್ಯನ ಹೃದಯದ ಆಲೋಚನೆ ಕೆಟ್ಟದ್ದು ಅಂತ ಪ್ರಳಯಕ್ಕೆ ಮುಂಚೆ ಕಾರಣ ಕೊಟ್ಟಿರ್ತದೆ. ಪ್ರಳಯ ಮುಗಿದ್ಮೇಲೆ 8:21ರಲ್ಲಿ, ಇನ್ನು ಮುಂದೆ ಹೀಗೆ ಸಂಹಾರ ಮಾಡಲ್ಲ ಅಂತ ದೇವರು ಮನಸ್ಸಲ್ಲಿ ಅಂದುಕೊಳ್ಳುವಾಗಲೂ ಹೆಚ್ಚುಕಮ್ಮಿ ಅದೇ ಮಾತು, ಮನುಷ್ಯನ ಹೃದಯ ಚಿಕ್ಕಂದಿನಿಂದ ಕೆಟ್ಟದ್ದು ಅಂತ. ಮನುಷ್ಯ ಒಂಚೂರೂ ಬದಲಾಗಿಲ್ಲ. ಬದಲಾದದ್ದು ಯಾರು ಹಾಗಾದ್ರೆ ಅಂತ ಪಾಸ್ಟರ್ ಕೇಳಿ ಸುಮ್ಮನಾದ್ರು. ದೊಡ್ಡಪ್ಪ ಆವತ್ತು ಪ್ರಾರ್ಥನೆ ಮುಗಿಯೋ ಮುಂಚೆ ಎದ್ದು ಅಂಗಳಕ್ಕೆ ಹೋಗಿ ನಿಂತ್ರು.

ಆ ಸೆಪ್ಟೆಂಬರ್‌ನಲ್ಲಿ ಒಂದಿನ ಅವರು ನಂಗೆ ಫೋನ್ ಮಾಡಿ ಕುಶಾಲನಗರದಿಂದ ಒಂದು ಮಳೆ ಮಾಪಕ ತಂದು ಕೊಡು ಅಂದ್ರು. ತಂದು ಕೊಟ್ಟೆ. ಅಂಗಳದಲ್ಲಿ ಕಂಬ ನೆಟ್ಟು ಕೂರಿಸಿದ್ರು. ಮಾರನೇ ದಿನ ಬೆಳಗ್ಗೆ ಅಳೆದು, ಹಳೇ ಪುಸ್ತಕದಲ್ಲೇ, 2018ರ ಖಾಲಿ ಪುಟ ಹಾಗೇ ಬಿಟ್ಟು ಮುಂದಿನ ಪುಟದಲ್ಲಿ ಬರೆದ್ರು. ಆಮೇಲೆ ದೊಡ್ಡಮ್ಮನನ್ನ ಕರೆದು "ಅವನ ನಂಬರ್ ಹೇಳು" ಅಂದ್ರಂತೆ. ಅವಳಿಗೆ ಬಾಯಿಪಾಠ. ಇದನ್ನ ದೊಡ್ಡಮ್ಮನೇ ನಂಗೆ ಹೇಳಿದ್ದು, ಮೂರು ನಾಲ್ಕು ಸಲ ಹೇಳಿದ್ದಾರೆ, ಪ್ರತಿ ಸಲ ಸ್ವಲ್ಪ ಬೇರೆ ಥರ, ಆದ್ರೆ ಈ ಭಾಗ ಬದಲಾಗಲ್ಲ. ಆ ಕಡೆ ಫೋನ್ ಎತ್ತಿದ್ಮೇಲೆ ದೊಡ್ಡಪ್ಪ ಎಷ್ಟೋ ಹೊತ್ತು ಸುಮ್ಮನಿದ್ರಂತೆ, ಅವನು ಹಲೋ ಹಲೋ ಅಂತಿದ್ನಂತೆ.

"ಎಲ್ಲಿದ್ದೀಯ?"

"ಮನೇಲಿ ಅಪ್ಪಾ."

"ಅಲ್ಲಿ ಮಳೆ ಉಂಟಾ?"

"ರಾತ್ರಿ ಸುಮಾರಾಗಿ ಬಂತು."

"ಸುಮಾರು ಅಂದ್ರೆ ಎಷ್ಟು?"

ಅವನಿಗೆ ಹೇಳೋಕೆ ಗೊತ್ತಾಗ್ಲಿಲ್ಲ. ದೊಡ್ಡಪ್ಪ ಬೈದು ಇಟ್ಟರಂತೆ.

ಈಗಿನ ಸ್ಥಿತಿ ಬರೀಬೇಕಲ್ಲ. ಇಬ್ಬರೂ ಕ್ಷಮೆ ಕೇಳಿಲ್ಲ. ಸಾಲ ಇನ್ನೂ ಇದೆ, ಹೋದ ವರ್ಷದಿಂದ ಅರ್ಧ ಕಂತು ಮೈಸೂರಿಂದ ಬರ್ತಿದೆ. ದೊಡ್ಡವನು ಎರಡು ಸಲ ಬಂದು ಹೋಗಿದ್ದಾನೆ, ರಾತ್ರಿ ಉಳ್ಕೊಂಡಿಲ್ಲ, ಕ್ರಿಸ್ಮಸ್‌ಗೆ ಬಂದಿಲ್ಲ, ಕುಸಿದ ಜಾಗದ ಕಡೆ ಇಬ್ಬರೂ ಹೋಗಿಲ್ಲ. ಮೊಮ್ಮಗಳು ರಜಕ್ಕೆ ಬಂದು ಹದಿನೈದು ದಿನ ಇದ್ದು ಹೋದಳು. ಅಣ್ಣ ತಮ್ಮನ ಹೆಸರು ಆ ಮನೇಲಿ ಒಟ್ಟಿಗೆ ಯಾರೂ ಹೇಳಲ್ಲ. ನಾನೂ ಹೇಳ್ಸೋಕೆ ಹೋಗಿಲ್ಲ, ಕೇಕ್ ತಟ್ಟೆ ನೆನಪಿದೆ.

ಮಳೆ ಪುಸ್ತಕದಲ್ಲಿ ಮಾತ್ರ 2022 ಅಕ್ಟೋಬರ್‌ನಿಂದ ಸ್ಕೇಲ್ ಇಟ್ಟು ಎಳೆದ ಇನ್ನೊಂದು ಗೆರೆ ಇದೆ, ಮೇಲೆ 'ಮೈಸೂರು' ಅಂತ. ಮೊದಲ ವಾರ ಆ ಸಾಲಲ್ಲಿ ಪ್ರಶ್ನೆಚಿಹ್ನೆಗಳೇ ಇದ್ದವು. ಆಮೇಲೆ ಅವನೂ ಒಂದು ಮಾಪಕ ತಗೊಂಡು ಟೆರೇಸ್ ಮೇಲೆ ಇಟ್ಟಿದ್ದಾನೆ. ಬೆಳಗ್ಗೆ ಎಂಟಕ್ಕೆ ಫೋನ್ ಬರ್ತದೆ, ಸೆಂಟ್ ಲೆಕ್ಕ ಹೇಳ್ತಾನೆ, ದೊಡ್ಡಪ್ಪ ಬರ್ಕೊಳ್ತಾರೆ. ಬೇಸಿಗೆಯಲ್ಲಿ ಮಳೆ ಇಲ್ಲದ ದಿನವೂ ಫೋನ್ ಬರ್ತದೆ. ಆಗ ಎರಡೂ ಸಾಲಲ್ಲಿ ಸೊನ್ನೆ ಹಾಕ್ತಾರೆ.